ಜಾಲಿ ಕಿತ್ತ ಜಾಗ

ರೇಖಾಳನ್ನು ಕರಡಿ ಕೆಡವಿದ ಜಾಗಕ್ಕೂ ನಮ್ಮ ಹೊಲದ ಬದುವಿಗೂ ನಡುವೆ ಮುನ್ನೂರ ಹನ್ನೆರಡು ಹೆಜ್ಜೆ. ಎರಡು ಸಲ ನಡೆದು ಎಣಿಸಿದ್ದೇನೆ. ಅಷ್ಟು ದೂರ ಅವಳು ಯಾಕೆ ಹೋದಳು ಎಂಬುದನ್ನು ಹೇಳಬೇಕಾದರೆ ಜಾಲಿಯಿಂದ ಶುರು ಮಾಡಬೇಕು.

ರೇಖಾ ನನ್ನ ತಮ್ಮ ಪ್ರಬುದ್ಧನ ಹೆಂಡತಿ. ತಮ್ಮ ಸರ್ಕಾರಿ ಬಸ್ಸಿನ ಕಂಡಕ್ಟರ್. ನಾನು ಕೂಡ್ಲಿಗಿಯಲ್ಲಿ ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರು, ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು. ಗುಡೇಕೋಟೆಯ ಆಚೆ ಬಂಡೆಗುಡ್ಡಗಳ ಬುಡದಲ್ಲಿರುವ ನಮ್ಮೂರಿನ ಮನೆಯಲ್ಲಿ ಅವ್ವ ದುರುಗಮ್ಮ, ತಮ್ಮ ಮತ್ತು ರೇಖಾ ಇದ್ದರು. ನಾನು ಶನಿವಾರ ಮಧ್ಯಾಹ್ನ ಬೈಕಿನಲ್ಲಿ ಹೋಗಿ ಭಾನುವಾರ ಸಂಜೆ ಮರಳುತ್ತಿದ್ದೆ. ನನ್ನ ಹೆಂಡತಿ ಸಮತಾ ದಾವಣಗೆರೆಯಲ್ಲಿ ಬೆಳೆದವಳು. ಊರಿಗೆ ಬಂದರೂ ರಾತ್ರಿ ಉಳಿಯುತ್ತಿರಲಿಲ್ಲ. ಯಾಕೆಂದು ನಾನು ಕೇಳಿರಲಿಲ್ಲ.

ನಮ್ಮ ಕೇರಿಯ ಬೆನ್ನಿಗೆ, ಕೊನೆಯ ಮನೆಯಿಂದ ನಲವತ್ತು ಹೆಜ್ಜೆಗೆ, ಅಜ್ಜ ಸುಂಕಪ್ಪನಿಂದ ಬಂದ ಒಂದೂವರೆ ಎಕರೆ ಹೊಲವಿದೆ. ಕಲ್ಲು ನೆಲ. ಅಪ್ಪ ತೀರಿಕೊಂಡ ಮೇಲೆ ಯಾರೂ ಬಿತ್ತಲಿಲ್ಲ, ಬಳ್ಳಾರಿ ಜಾಲಿ ಹತ್ತಿಕೊಂಡಿತು. ಹೆಸರಿನಲ್ಲಿ ನಮ್ಮ ಸೀಮೆ ಇದ್ದರೂ ಆ ಗಿಡ ಇಲ್ಲಿಯದಲ್ಲ, ಸಮುದ್ರದಾಚೆಯದು. ಒಂದು ಸಲ ಹತ್ತು ಮೀಟರ್ ಚೌಕಕ್ಕೆ ಹಗ್ಗ ಕಟ್ಟಿ ಎಣಿಸಿದೆ. ಜಾಲಿಯ ಬುಡದಲ್ಲಿ ಜಾಲಿಯ ಸಸಿಗಳ ಹೊರತು ಸಿಕ್ಕಿದ್ದು ನಾಲ್ಕೇ ಜಾತಿಯ ಗಿಡ. ಹಕ್ಕಿಗೂಡು ಒಂದು, ಅದೂ ಬಿಟ್ಟುಹೋದದ್ದು. ಈ ಜಾಗದಲ್ಲಿ ನಮ್ಮ ನೆಲದ್ದೇ ಗಿಡಗಳನ್ನು ಹಾಕಿದರೆ ಏನೇನು ಮರಳಿ ಬರುತ್ತದೆ ನೋಡಬೇಕು ಎಂಬ ಆಸೆ ಅಲ್ಲಿಂದ ಹುಟ್ಟಿತು.

ಜಾಲಿ ತೆಗೆಸುತ್ತೇನೆ ಎಂದು ಹೇಳಿದ ದಿನ ಅವ್ವ ಅಂಗಳದಲ್ಲಿ ಸಜ್ಜೆ ಕೇರುತ್ತಿದ್ದಳು. ರೇಖಾ ಪಕ್ಕದಲ್ಲಿ ಕಲ್ಲು ಆರಿಸುತ್ತಿದ್ದಳು.

"ಹಿಂದ್ಲ ಸಾಲು ಒಂದಿಷ್ಟು ಬಿಡಪ್ಪಾ," ಎಂದಳು ಅವ್ವ.

"ಯಾಕವ್ವಾ?"

"ಇರ್ಲಿ. ಉಪಯೋಗಕ್ಕ ಬರ್ತಾವ."

"ಕಟ್ಟಿಗಿಗೇನು? ಮನ್ಯಾಗ ಗ್ಯಾಸ್ ಐತಲ್ಲ."

"ಕಟ್ಟಿಗಿಗಲ್ಲ."

"ಮತ್ತ?"

ಅವ್ವ ರೇಖಾಳ ಕಡೆ ನೋಡಿದಳು. ರೇಖಾ ತಲೆ ಇನ್ನಷ್ಟು ಬಗ್ಗಿಸಿದಳು. "ಏನಿಲ್ಲ ಹೋಗು," ಎಂದಳು ಅವ್ವ, "ಓದಿದಾವ ನೀನು. ನಿನಗ ತಿಳಿದಂಗ ಮಾಡು."

ಆ ರಾತ್ರಿ ನೋಟ್‌ಬುಕ್ಕಿನಲ್ಲಿ 'ಮನೆಯವರ ಆಕ್ಷೇಪ, ಕಟ್ಟಿಗೆಯ ಕಾರಣಕ್ಕೆ' ಎಂದು ಬರೆದೆ. ಕಟ್ಟಿಗೆಗಲ್ಲ ಎಂದು ಅವಳು ಹೇಳಿದ್ದನ್ನು ಬರೆಯಲಿಲ್ಲ.

ಅವ್ವ ಬಾಯಿಬಿಟ್ಟು ಹೇಳಲಾರದೆ ಹೋದದ್ದು ಇಷ್ಟೇ. ಆ ಜಾಲಿಯ ಮರೆಗೆ ಕೇರಿಯ ಹೆಂಗಸರು ಬೆಳಕು ಹರಿಯುವ ಮೊದಲು ಬಯಲಿಗೆ ಹೋಗುತ್ತಿದ್ದರು. ಇದು ನನಗೆ ಗೊತ್ತಿರಲಿಲ್ಲ ಎಂದರೆ ಯಾರೂ ನಂಬಲಿಕ್ಕಿಲ್ಲ. ಆ ಕೇರಿಯಲ್ಲೇ ಹುಟ್ಟಿದವನು ನಾನು. ಆದರೆ ನಮ್ಮಲ್ಲಿ ಒಂದು ನಡಾವಳಿ ಇದೆ. ಬೆಳಗಿನ ಹೊತ್ತು ಗಂಡಸರು ಕೆರೆಯ ಕಡೆ ಹೋಗುತ್ತಾರೆ. ಕೇರಿಯ ಹಿಂಭಾಗ ಹೆಂಗಸರದು. ಸೂರ್ಯ ಮೇಲೆ ಬರುವ ತನಕ ಗಂಡಸರು ಆ ಕಡೆ ಮುಖವನ್ನೂ ತಿರುಗಿಸುವುದಿಲ್ಲ. ಯಾರೂ ಇದನ್ನು ಕಲಿಸುವುದಿಲ್ಲ. ಮೀಸೆ ಮೂಡುವ ಹೊತ್ತಿಗೆ ಕುತ್ತಿಗೆಗೇ ಅದು ರೂಢಿಯಾಗಿರುತ್ತದೆ. ನನಗೆ ಎಷ್ಟು ರೂಢಿಯಾಗಿತ್ತೆಂದರೆ, ಯಾಕೆ ತಿರುಗುವುದಿಲ್ಲ ಎಂಬುದೇ ಮರೆತುಹೋಗಿತ್ತು. ಹಕ್ಕಿ ಎಣಿಸಲು ನಸುಕು ಸರಿಯಾದ ಹೊತ್ತೆಂದು ಮಕ್ಕಳಿಗೆ ಪಾಠ ಮಾಡುವ ನಾನು, ನನ್ನ ಹೊಲದಲ್ಲಿ ಏಳು ಗಂಟೆಗೆ ಮೊದಲು ಒಂದು ದಿನವೂ ಎಣಿಸಲಿಲ್ಲ.

ಇನ್ನು ಪಾಯಿಖಾನೆ. ಸರ್ಕಾರದ ಯೋಜನೆಯಲ್ಲಿ ಮನೆಮನೆಗೂ ಕಟ್ಟಿಸಿದ್ದರು. ಕೇರಿ ಇರುವುದು ಹಾಸುಬಂಡೆಯ ಮೇಲೆ, ಗುಂಡಿ ಮೂರಡಿಗೇ ನಿಂತಿತ್ತು. ನಲ್ಲಿಯಲ್ಲಿ ನೀರು ಬರುವುದು ನಾಲ್ಕು ದಿನಕ್ಕೊಮ್ಮೆ. ಎಲ್ಲರ ಮನೆಯಲ್ಲೂ ಅದರೊಳಗೆ ಕಟ್ಟಿಗೆ, ಹೊಟ್ಟಿನ ಚೀಲ ಇರುತ್ತಿದ್ದವು. ನಮ್ಮ ಮನೆಯದು ಮಾತ್ರ ನಾನು ನೋಡಿದಾಗಲೆಲ್ಲ ತೊಳೆದು, ಬಕೆಟ್ ತುಂಬಿಟ್ಟು ಸಿದ್ಧವಾಗಿರುತ್ತಿತ್ತು. ನಾನು ಬರುತ್ತೇನೆಂದು ಶನಿವಾರ ಬೆಳಿಗ್ಗೆ ರೇಖಾ ಅದರೊಳಗಿನ ಕಟ್ಟಿಗೆ ತೆಗೆದು, ಪಕ್ಕದ ಹೊಲದ ಮರುಳಪ್ಪನವರ ಬೋರಿನಿಂದ ಎರಡು ಕೊಡ ನೀರು ಹೊತ್ತು ತಂದಿಡುತ್ತಿದ್ದಳಂತೆ. ಸೋಮವಾರ ಕಟ್ಟಿಗೆ ಮತ್ತೆ ಒಳಗೆ ಹೋಗುತ್ತಿತ್ತು. ಇದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ.

ಮೇ ತಿಂಗಳಲ್ಲಿ ಜೆಸಿಬಿ ತರಿಸಿ ಜಾಲಿಯನ್ನು ಬೇರುಸಹಿತ ತೆಗೆಸಿದೆ. ಮಳೆ ಬಿದ್ದ ಮೇಲೆ ಕಾರೆ, ಕವಳೆ, ಉಲುಪಿ, ಪರಗಿ, ಕಕ್ಕೆ, ತಂಗಡಿ, ಬಂದರಿಕೆ, ಹಾಲೆ, ಕಮರ, ಹೀಗೆ ಮೂವತ್ತೊಂದು ಜಾತಿಯ ಗಿಡ ಹಾಕಿದೆ. ಬೀಜಗಳನ್ನು ಗುಡೇಕೋಟೆಯ ಗುಡ್ಡಗಳಲ್ಲೇ ಆಯ್ದು ತಂದಿದ್ದೆ. ಬದುವಿನ ಗುಂಟ ಈಶ್ವರಿ ಬಳ್ಳಿ. ನಡುವೆ ಹುಲ್ಲನ್ನು ಅದರ ಪಾಡಿಗೆ ಬಿಟ್ಟೆ.

ವಾರದ ಐದು ದಿನ ಗಿಡಗಳನ್ನು ನೋಡಿಕೊಂಡವಳು ರೇಖಾ. ಅವಳು ಉಚ್ಚಂಗಿದುರ್ಗದ ಕಡೆಯವಳು; ಚಿಕ್ಕಂದಿನಲ್ಲಿ ಆಡು ಕಾಯುತ್ತ ಗುಡ್ಡ ಅಲೆದವಳು. ನಾನು ಎಲೆ ನೋಡಿ ಗುರುತಿಸುವ ಗಿಡವನ್ನು ಅವಳು ಹಣ್ಣಿನ ರುಚಿಯಿಂದ ಗುರುತಿಸುತ್ತಿದ್ದಳು. ಭಾವನ ಎದುರು ನಿಂತು ಮಾತಾಡುವ ಪದ್ಧತಿ ಇಲ್ಲವಾದ್ದರಿಂದ ಎಲ್ಲ ಮಾತೂ ಅವ್ವನ ಮೂಲಕ. ನಾನು ಹತ್ತಡಿ ದೂರದಲ್ಲಿ ಗುಂಡಿ ತೋಡುತ್ತಿದ್ದರೆ ಅವಳು ಅತ್ತ ತಿರುಗಿ ಹೇಳುವಳು: "ಅತ್ತೆ, ಅದು ಪರಗಿ ಅಲ್ಲ, ಬಾರೆ ಸಸಿ ಅಂತೇಳಿ."

"ಕೇಳಿದೆನಪಾ? ಬಾರಿ ಅಂತ," ಅನ್ನುವಳು ಅವ್ವ.

"ಪರಗಿನೇ. ಮುಳ್ಳು ನೋಡಾಕ ಹೇಳವ್ವಾ."

"ಮುಳ್ಳು ನೋಡೇ ಹೇಳಿದ್ದು ಅಂತೇಳಿ ಅತ್ತೆ. ಪುಸ್ತಕದಾಗಿನ ಮುಳ್ಳು ಚುಚ್ಚಂಗಿಲ್ಲ ಅಂತೂ ಹೇಳಿ."

"ನಾನೇನು ಪೋಸ್ಟಾಫೀಸೇನ್ರೇ?" ಎಂದು ಅವ್ವ ಸಲಿಕೆ ಒಗೆದು ಹೋಗುವಳು. ಆ ಸಸಿ ಬಾರೆಯೇ ಆಗಿತ್ತು.

ಮೊದಲ ವರ್ಷ ಹುಲ್ಲಿಗೆ ಬುರ್ಲಿ ಹಕ್ಕಿಗಳು ಬಂದವು. ಎರಡನೆಯ ವರ್ಷ ಈಶ್ವರಿ ಬಳ್ಳಿಯ ಎಲೆಯಡಿ ಕಿತ್ತಳೆ ಬಣ್ಣದ ಮೊಟ್ಟೆಗಳು, ತಿಂಗಳ ಮೇಲೆ ಕೆಂಪು ಮೈಯ ಕಪ್ಪು ಚಿಟ್ಟೆಗಳು. ಮೂರನೆಯ ವರ್ಷ ಕವಳೆ ಹಣ್ಣಾದಾಗ ಬಂಡೆಗುಡ್ಡ ಬಿಟ್ಟಿಳಿಯದ ಹಳದಿ ಕತ್ತಿನ ಪಿಕಳಾರ ಜೋಡಿಯೊಂದು ಬಂದು ಎಂಟು ದಿನ ಇತ್ತು. ನಕ್ಷತ್ರ ಆಮೆಯೊಂದು ಕಾರೆಯ ಬುಡದಲ್ಲಿ ಮೊಟ್ಟೆ ಇಟ್ಟದ್ದನ್ನು ರೇಖಾ ನೋಡಿ, ಯಾರೂ ತುಳಿಯದಂತೆ ಸುತ್ತ ಕಲ್ಲು ಜೋಡಿಸಿದ್ದಳು. ಪಟ್ಟಿ ಅರವತ್ತೆಂಟು ಜಾತಿಗೆ ಮುಟ್ಟಿತ್ತು. ನನ್ನ ಜೀವನದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಇದೊಂದೇ ಎಂದು ನಂಬಿದ್ದೆ.

ಗಿಡಗಳು ಮೊಣಕಾಲಿನಿಂದ ಸೊಂಟದವರೆಗೆ ಬೆಳೆದಿದ್ದವು. ಅದು ಹಕ್ಕಿಗೆ ಸಾಕು, ಮನುಷ್ಯರಿಗೆ ಮರೆಯಾಗುವುದಿಲ್ಲ. ಮಳೆಗಾಲದಿಂದ ದೀಪಾವಳಿಯವರೆಗೆ ಆಚೆ ಮರುಳಪ್ಪನವರ ಹೊಲದಲ್ಲಿ ಮೆಕ್ಕೆಜೋಳ ಆಳೆತ್ತರ ನಿಂತಿರುತ್ತಿತ್ತು. ಹೆಂಗಸರು ಅದರ ಅಂಚಿಗೆ ಹೋಗುತ್ತಿದ್ದರು. ಜೋಳ ಕೊಯ್ದ ಮೇಲೆ ಗುಡ್ಡದವರೆಗೂ ಬೋಳು. ಆಗ ಉಳಿಯುತ್ತಿದ್ದದ್ದು ಆಚೆಯ ಸಣ್ಣ ಹಳ್ಳ ಒಂದೇ. ಎರಡು ಚಳಿಗಾಲ ಅಲ್ಲಿಗೆ ಹೋಗಿ ಬಂದರು, ಏನೂ ಆಗಲಿಲ್ಲ. ಮೂರನೆಯ ಡಿಸೆಂಬರಿನಲ್ಲಿ, ಒಂದು ಮಂಗಳವಾರ, ಮಂಜು ಮುಸುಕಿದ ನಸುಕಿನಲ್ಲಿ ಹಳ್ಳದ ದಡದ ಹುತ್ತ ಕೆದರಿ ಗೆದ್ದಲು ತಿನ್ನುತ್ತಿದ್ದ ಮರಿಕರಡಿಗಳ ತಾಯಿಗೆ ರೇಖಾ ಎದುರಾದಳು.

ಕರಡಿ ಮುಖಕ್ಕೇ ಹಾಕುತ್ತದೆ. ಎಡಗಣ್ಣು ಅಲ್ಲೇ ಹೋಗಿತ್ತು. ಬಲಗಣ್ಣಿಗೆ ಬೆಳಕು ಕತ್ತಲೆಯ ವ್ಯತ್ಯಾಸ ತಿಳಿದರೆ ಅದೇ ಹೆಚ್ಚು ಎಂದರು ಡಾಕ್ಟರು. ದವಡೆ ಮುರಿದಿತ್ತು, ನೆತ್ತಿಯ ಚರ್ಮ ಸುಲಿದಿತ್ತು. ತಮ್ಮ ಅವಳನ್ನು ಬಳ್ಳಾರಿಗೆ ಒಯ್ದು ಅಲ್ಲೇ ಉಳಿದ. ಹಳ್ಳಕ್ಕೆ ಜೊತೆಗೆ ಹೋಗಿದ್ದ ಪಕ್ಕದ ಮನೆಯವಳು ಕಿರುಚಿ ಓಡಿಬಂದದ್ದರಿಂದ ಜೀವ ಉಳಿದಿತ್ತು.

ಮರುದಿನ ಅರಣ್ಯ ಇಲಾಖೆಯ ಗಾರ್ಡ್ ಕಾಂತೇಶ್ ಬಂದ. ಹೊಸ ಹುಡುಗ, ಸಭ್ಯಸ್ಥ. ಸುದ್ದಿ ತಿಳಿದು ಊರಿಗೆ ಬಂದಿದ್ದ ನಾನೂ ಅವನೂ ಜಾಗ ನೋಡಲು ಹೊರಟೆವು. ನಮ್ಮ ಹೊಲದ ಮೂಲೆಯಲ್ಲಿ ನಾನು ನಿಂತುಬಿಟ್ಟೆ. ಕೇರಿಯಿಂದ ಒಂದು ಕಾಲುದಾರಿ ಬಂದು, ನಮ್ಮ ಬದುವಿನ ಹೊರಗೇ ಬಳಸಿ, ಕೂಳೆ ಹೊಲ ದಾಟಿ ನೇರ ಹಳ್ಳಕ್ಕೆ ಹೋಗಿತ್ತು. ಒಂದಡಿ ಅಗಲ, ತುಳಿದು ತುಳಿದು ನುಣುಪಾಗಿತ್ತು. ಮೊಲದ ಜಾಡು, ಮುಂಗುಸಿಯ ಜಾಡು ಗುರುತಿಸುವುದನ್ನು ಮಕ್ಕಳಿಗೆ ಕಲಿಸುವವನು ನಾನು. ಮೂರು ವರ್ಷ ಈ ದಾರಿಯನ್ನು ದಾಟಿ ಓಡಾಡಿದ್ದೆ. ದನದ ದಾರಿ ಎಂದುಕೊಂಡಿರಬೇಕು. ಏನೆಂದುಕೊಂಡೆ ಎಂಬುದೂ ನೆನಪಿಲ್ಲ. ಒಬ್ಬಳೂ ನನ್ನ ಗಿಡಗಳ ನಡುವೆ ಕಾಲಿಟ್ಟಿರಲಿಲ್ಲ. ಸುತ್ತುಹಾಕಿ ಹೋಗಿದ್ದರು.

ಹಳ್ಳದಲ್ಲಿ ರಕ್ತ ಒಣಗಿ ಕಪ್ಪಾಗಿತ್ತು. ಒಂದು ಸ್ಟೀಲಿನ ತಂಬಿಗೆ ನೆಗ್ಗಿ ಬಿದ್ದಿತ್ತು, ನಮ್ಮ ಮನೆಯದು. ಕಾಂತೇಶ್ ಅದನ್ನು ಎತ್ತಿ ನನ್ನ ಕೈಗೆ ಕೊಡದೆ ಒಂದು ಕಲ್ಲಿನ ಮೇಲಿಟ್ಟ.

"ಸರ್, ತಪ್ಪು ತಿಳ್ಕಬ್ಯಾಡ್ರಿ. ಮೊದ್ಲು ಹೆಣ್ಮಕ್ಳು ಇಲ್ಲೆ ಕೇರಿ ಹಿಂದ ಜಾಲ್ಯಾಗ ಹೋಗ್ತಿದ್ರಂತಲ್ಲ. ಇಷ್ಟು ದೂರ ಯಾಕ ಬರಾಕತ್ತಿದ್ರು?"

ಎರಡು ತಿಂಗಳ ಹಿಂದೆ ಊರಿಗೆ ಬಂದವನಿಗೆ ಗೊತ್ತಿತ್ತು. ನಾನು ಹಿಂದಿರುಗಿ ಹೊಲದ ಕಡೆ ನೋಡಿದೆ. ಅಲ್ಲಿಂದ ಕೇರಿಯ ಕೊನೆಯ ಮನೆಯ ಬಾಗಿಲು, ಬಾಗಿಲಲ್ಲಿ ಕೂತ ಮುದುಕ ಬೀಡಿಗೆ ಕೈ ಎತ್ತುವುದು ಕೂಡ ಕಾಣುತ್ತಿತ್ತು.

ಹೇಳಿಕೆ ಬರೆಸಿಕೊಳ್ಳುವುದು ಪಂಚಾಯಿತಿ ಕಟ್ಟೆಯ ಮೇಲೆ ನಡೆಯಿತು. ಊರಿನ ಬಾಗಿಲಲ್ಲಿ 'ಬಯಲು ಶೌಚಮುಕ್ತ ಗ್ರಾಮ' ಎಂಬ ಬೋರ್ಡ್ ಇದೆ. ಅದನ್ನು ನೆಡಿಸಿದವರು ನಮ್ಮ ವಾರ್ಡಿನ ಮೆಂಬರ್ ಚೌಡಣ್ಣ. ಮಾತಿಗೆ ಮೊದಲು ನಗುವ ಮನುಷ್ಯ. ಇಪ್ಪತ್ತು ಮೂವತ್ತು ಜನ ಗಂಡಸರು ಸೇರಿದ್ದರು. ಅವ್ವನೂ ಬಂದು ಕಂಬದ ಮರೆಗೆ ನಿಂತಿದ್ದಳು.

"ಆಕಿ ಯಾತಕ್ಕ ಹೋಗಿದ್ಲು ಅಂತ ಬರೀಬೇಕ್ರಿ," ಎಂದ ಕಾಂತೇಶ್.

ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಹೇಳಿದಳು: "ಗಿಡಕ್ಕ ನೀರು ಹಾಕಾಕ ಹೋಗಿದ್ಲು. ಈತನ ಹೊಲಕ್ಕ."

ಚೌಡಣ್ಣ ಥಟ್ಟನೆ ಹಿಡಿದುಕೊಂಡರು. "ಹಂಗ ಬರ್ಕಳಪ್ಪ. ಹಣ್ಣಿನ ಗಿಡ ಹಾಕ್ಯಾನ, ಕರಡಿ ಹೊಲಕ್ಕ ಬಂದೈತಿ. ನಾ ಅವತ್ತಽ ಅಂದಿದ್ದೆ, ಮೇಷ್ಟ್ರ ಕಾಡು ಊರಾಗ ತರಾಕತ್ಯಾನ ಅಂತ."

"ಕರಡಿ ನಮ್ಮ ಹೊಲಕ್ಕ ಒಂದು ದಿನನೂ ಬಂದಿಲ್ರಿ," ಎಂದೆ. "ಡಿಸೆಂಬರ್‌ನಾಗ ಅಲ್ಲಿ ಒಂದು ಹಣ್ಣೂ ಇರಂಗಿಲ್ಲ. ಹಳ್ಳದ ಹತ್ರ ಬಿದ್ದ ಲದ್ದಿ ತೊಳದು ನೋಡೀನಿ. ಬರೀ ಗೆದ್ದಲ ತಲಿ, ಮಣ್ಣು. ನಮ್ಮ ಗಿಡದ ಬೀಜ ಒಂದೂ ಇಲ್ಲ."

"ಲದ್ದಿ ತೊಳದ್ಯಾ?" ಚೌಡಣ್ಣ ಸುತ್ತ ನೋಡಿದರು. "ಕೇಳಿದ್ರೇನ್ರಪಾ! ನಮ್ಮ ಮನಿ ಎಮ್ಮೀದೂ ಒಂದೀಟು ಐತಿ, ಬಾ." ಜನ ನಕ್ಕರು. ಅವರ ನಗು ನಿಂತಾಗ ಹಿಂದಿನಿಂದ ಯಾರೋ, "ಆ ಗಿಡ ಎಲ್ಲಾ ತಗಸ್ರಿ ಮೊದ್ಲು, ನಾಳಿ ಹುಡುಗ್ರುನ ಹಿಡಿತೈತಿ," ಎಂದರು. ನಾಲ್ಕೈದು ದನಿ ಹೌದು ಹೌದು ಎಂದವು.

ನಾನು ಸುಮ್ಮನೆ ಒಂದು ವಾಕ್ಯ ಹೇಳಿದ್ದರೆ ಆಗುತ್ತಿತ್ತು. ದೂರ ಅಳೆದಿದ್ದೆ, ದಾರಿ ಕಂಡಿದ್ದೆ, ತಂಬಿಗೆ ಕಂಡಿದ್ದೆ. ಅವಳು ಹೊಲಕ್ಕಲ್ಲ, ಹಳ್ಳಕ್ಕೆ ಹೋಗಿದ್ದಳು. ಹಳ್ಳಕ್ಕೆ ಹೋದದ್ದು ಹತ್ತಿರ ಮರೆ ಇಲ್ಲದ್ದಕ್ಕೆ. ಮರೆ ಇಲ್ಲದ್ದು ನಾನು ಕೀಳಿಸಿದ್ದಕ್ಕೆ. ಅಷ್ಟು ಹೇಳಿದರೆ ಗಿಡಗಳು ಉಳಿಯುತ್ತಿದ್ದವು, ತಪ್ಪು ನನ್ನ ಮೇಲೆ ಬರುತ್ತಿತ್ತು. ಆ ಎರಡನ್ನೂ ನಾನು ಒಪ್ಪಲು ಸಿದ್ಧನಿದ್ದೆ.

ಅವ್ವ ನನ್ನ ತೋಳು ಹಿಡಿದು ಕಟ್ಟೆಯ ಹಿಂದಕ್ಕೆ ಎಳೆದಳು.

"ಏನ್ ಹೇಳಾಕ ಹೊಂಟಿ?"

"ಇದ್ದದ್ದು."

"ಆಕಿ ಎಲ್ಲಿ, ಯಾತಕ್ಕ ಕುಂತಿದ್ಲು ಅಂತ ಇಷ್ಟು ಗಂಡಸ್ರ ಮುಂದ ಬರಸ್ತಿ? ಪೇಪರ್ನಾಗ ಬರ್ತೈತಿ, ಆಕಿ ತವರುಮನಿಯವ್ರು ಓದ್ತಾರ. ಮುಖ ಹೋಗೈತಿ, ಮಾನಾನೂ ಕಳೀತಿಯೇನ್ಲೇ?"

"ಅವ್ವಾ, ಉಳಿದ ಹೆಣ್ಮಕ್ಳು ನಾಳೆನೂ ಅಲ್ಲಿಗೇ ಹೋಗ್ತಾರ."

"ನಾವು ನೋಡ್ಕಂತೀವಿ. ನಮಗೇನ್ ಹೊಸದಲ್ಲ. ನಿನ್ನ ಗಿಡ ಉಳಸಾಕ ಆಕಿ ಸೀರಿ ಎತ್ತಬ್ಯಾಡ."

ನಾನು ಸತ್ಯ ಹೇಳಬೇಕೆಂದದ್ದು ಹೆಂಗಸರಿಗಾಗಿಯೋ ಗಿಡಗಳಿಗಾಗಿಯೋ ಎಂದು ನನ್ನನ್ನೇ ಕೇಳಿಕೊಂಡೆ. ಬೇರೆ ಬೇರೆ ಮಾಡಲು ಆಗಲಿಲ್ಲ. ಬೇರೆ ಮಾಡಲಾಗದ ಮೇಲೆ ಸುಮ್ಮನಿರುವುದೇ ಪ್ರಾಮಾಣಿಕತೆ ಎಂದು ಆ ಗಳಿಗೆಯಲ್ಲಿ ಅನಿಸಿತು. ಕಟ್ಟೆಗೆ ಮರಳಿ, ತಮ್ಮ ಇಲ್ಲದ್ದರಿಂದ ಮನೆಯವರ ಪರವಾಗಿ ನಾನೇ ಹೇಳಿಕೆ ಬರೆದುಕೊಟ್ಟೆ. 'ಗಿಡಗಳಿಗೆ ನೀರುಣಿಸಲು ಹೊಲಕ್ಕೆ ಹೋದಾಗ.' ಕಾಂತೇಶ್ ನನ್ನ ಮುಖ ನೋಡಿದ. "ನೀವು ಕೊಟ್ಟಿದ್ದನ್ನ ನಾನು ಇಸ್ಕಂತೀನಿ ಸರ್," ಎಂದಷ್ಟೇ ಹೇಳಿದ. ಇನ್ನೊಂದು ಹಾಳೆಯಲ್ಲಿ ಗಿಡಗಳನ್ನು ತೆಗೆಯಲು ನನ್ನ ತಕರಾರಿಲ್ಲ ಎಂದು ಚೌಡಣ್ಣ ಬರೆಸಿಕೊಂಡರು.

ಜನವರಿಯ ಕೊನೆಗೆ, ಗಿಡ ತೆಗೆಯುವ ದಿನ ನಾನು ಅಲ್ಲಿರಲೇಬೇಕಾಯಿತು. ಚೌಡಣ್ಣ ಹೇಳಿದ್ದರು: "ಕರಡಿ ತಿನ್ನಾವು ಯಾವು ಅಂತ ನೀನಽ ತೋರಿಸ್ಬೇಕಪ್ಪ. ನಮಗೇನ್ ಗೊತ್ತು? ಉಳಿದಾವು ಇರ್ಲಿ ಬೇಕಾದ್ರ."

ತೋರಿಸಿದೆ. ಕವಳೆ ತಿನ್ನುತ್ತದೆ. ಕಾರೆ ತಿನ್ನುತ್ತದೆ. ಉಲುಪಿ, ಪರಗಿ, ಬಾರೆ. ಕಕ್ಕೆಯ ಕಾಯಿಯನ್ನು ಸೀಳಿ ತಿರುಳು ನೆಕ್ಕುತ್ತದೆ. ನಾನು ಒಂದೊಂದರ ಮುಂದೆ ನಿಂತು ಹೆಸರು ಹೇಳುತ್ತಿದ್ದೆ, ಯಂತ್ರದ ಹಲ್ಲು ಬಂದು ಎತ್ತುತ್ತಿತ್ತು. ಹದಿನಾಲ್ಕನೆಯ ಗಿಡದ ಹೊತ್ತಿಗೆ ಡ್ರೈವರ್‌ಗೆ ಬೇಸರ ಬಂತು. "ನಡನಡುವ ಬಿಡ್ತಾ ಹೊಂಟ್ರ ಗಾಡಿ ತಿರಗಂಗಿಲ್ರಿ," ಎಂದ. ಚೌಡಣ್ಣ ಕೈ ಬೀಸಿದರು. ಆಮೇಲೆ ಹೆಸರು ಕೇಳಲಿಲ್ಲ. ತಂಗಡಿ, ಬಂದರಿಕೆ, ಹಾಲೆ, ಕಮರ, ಯಾವ ಕರಡಿಯೂ ಮೂಸದ ಗಿಡಗಳೂ ಒಂದೇ ರಾಶಿಯಾದವು. ಹುಲ್ಲಿನಿಂದ ಬುರ್ಲಿಗಳು ಎದ್ದು ಮೆಕ್ಕೆಜೋಳದ ಕೂಳೆಯಲ್ಲಿ ಇಳಿದು, ಮರೆ ಸಿಗದೆ ಮತ್ತೆ ಎದ್ದವು. ಎರಡೂಕಾಲು ಗಂಟೆಯ ಕೆಲಸ. ಸಂಜೆ ರಾಶಿಗೆ ಬೆಂಕಿ ಇಟ್ಟರು. ಹಸಿ ಗಿಡ, ಸರಿಯಾಗಿ ಉರಿಯಲಿಲ್ಲ. ಮೂರು ದಿನ ಹೊಗೆಯಾಡಿತು.

ಹೆಂಗಸರು ಹಳ್ಳಕ್ಕೆ ಹೋಗುವುದು ನಿಲ್ಲಲಿಲ್ಲ. ಈಗ ಐದಾರು ಜನ ಕೂಡಿ, ತಟ್ಟೆ ಬಡಿಯುತ್ತ ಹೋಗುತ್ತಾರೆ ಎಂದು ಕೇಳಿದೆ. ಯಾಕೆ ಬಡಿಯುತ್ತಾರೆಂದು ಗಂಡಸರು ಯಾರೂ ಕೇಳಲಿಲ್ಲ.

ರೇಖಾ ಮನೆಗೆ ಬಂದದ್ದು ಫೆಬ್ರುವರಿಯಲ್ಲಿ. ಮುಖದ ಒಂದು ಪಕ್ಕ ಒಳಕ್ಕೆ ಎಳೆದುಕೊಂಡಿತ್ತು. ಮಾತು ನಿಧಾನ, ತುಟಿಯ ಒಂದು ಮೂಲೆಯಿಂದ. ಪಕ್ಕದ ಮನೆಯ ಮಗು ಅವಳನ್ನು ಕಂಡು ಅತ್ತದ್ದರಿಂದ ಸೆರಗು ಮುಖದ ಮೇಲೆ ಎಳೆದುಕೊಂಡು ಕೂರುತ್ತಿದ್ದಳು. ನಾನು ಶನಿವಾರ ಹೋದಾಗ ಅಂಗಳದ ಗೋಡೆಗೆ ಒರಗಿ ಬಿಸಿಲಿಗೆ ಕೂತಿದ್ದಳು. ನಾನು ಚಪ್ಪಲಿ ಬಿಡುವ ಸದ್ದಿಗೆ ತಲೆ ಎತ್ತಿದಳು.

"ಭಾವ ಬಂದ್ರಾ?"

ಮದುವೆಯಾಗಿ ಆರು ವರ್ಷಕ್ಕೆ ಮೊದಲ ಸಲ ಅವಳು ನೇರ ನನಗೆ ಮಾತಾಡಿದ್ದು. ಹೌದು ಎಂದೆ.

"ಸುಟ್ಟ ವಾಸ್ನಿ ಐತೆ ಹಿಂದ್ಲಿಂದ. ಹಕ್ಕಿ ಸದ್ದಿಲ್ಲ. ಗಿಡ ತೆಗ್ಸಿದ್ರಂತೆ?"

"ಹೌದಮ್ಮ."

"ಯಾಕೆ?"

ಅವ್ವ ಒಳಗಿಂದ ಹೊರಗೆ ಬಂದಳು. ನಾನು ಇದ್ದದ್ದನ್ನೆಲ್ಲ ಹೇಳಿದೆ. ಕಟ್ಟೆಯ ಮೇಲಿನ ಮಾತು, ಹೇಳಿಕೆ, ನಾನೇ ಬರೆದದ್ದು, ನಾನೇ ಹೆಸರು ಹೇಳಿ ಕೀಳಿಸಿದ್ದು. "ಯಾರನ್ನ ಕೇಳಿದ್ರಿ?" ಎಂದಳು ರೇಖಾ.

"ನಿನ್ನ ಮಾನ ಉಳೀಲಿ ಅಂತ ನಾನಽ ಹೇಳಿದ್ದೆ ತಂಗಿ," ಎಂದಳು ಅವ್ವ.

"ನನ್ನ ಮಾನ ಅಲ್ವಾ ಅತ್ತೆ? ನನ್ನ ಕೇಳ್ಬೇಕಿತ್ತು. ಹತ್ತನೇ ದಿನಕ್ಕೆ ನಂಗೆ ಮಾತು ಬಂದಿತ್ತು. ಫೋನು ಇವ್ರ ಹತ್ರ ಇತ್ತು." ಉಸಿರು ತೆಗೆದುಕೊಂಡು ಮುಂದುವರಿಸಿದಳು. "ಆಸ್ಪತ್ರೇಲಿ ಪಕ್ಕದ ಮಂಚದಾಗೆ ಒಬ್ಬಾಕಿ ಇದ್ಲು. ಹಾವು ಕಡಿದಿತ್ತು. ಎಲ್ಲಿ ಕಡೀತು ಅಂದೆ. ಆಕೇನೂ ಬಯಲಿಗೆ ಹೋದಾಗಲೇ. ಆಕೆ ಗಂಡ ಡಾಕ್ಟ್ರ ಹತ್ರ ಹೊಲದಾಗೆ ಕಳೆ ತೆಗೀವಾಗ ಅಂತ ಹೇಳ್ತಿದ್ದ. ಎಲ್ರೂ ಹಿಂಗೇ ಬರೆಸಿದ್ರೆ, ಯಾವ ಪುಸ್ತಕದಾಗೂ ನಾವು ಅಲ್ಲಿಗೆ ಹೋಗೇ ಇಲ್ಲ, ಅಲ್ವಾ ಭಾವ?"

ನಾನು ಜಾಲಿಯ ವಿಷಯ ತೆಗೆದೆ. ಅವತ್ತು ಯಾಕೆ ಹೇಳಲಿಲ್ಲ ಎಂದು ಕೇಳುವ ಹಕ್ಕು ನನಗಿರಲಿಲ್ಲ, ಆದರೂ ಕೇಳಿದೆ.

"ನೀವು ಕೇಳಿದ್ದು ಅತ್ತೇನ," ಎಂದಳು. "ನಾನು ಅಲ್ಲೇ ಕೂತಿದ್ದೆ."

ಸಂಜೆ ಅವಳು ಪಂಚಾಯಿತಿಗೆ ಒಂದು ಅರ್ಜಿ ಹೇಳಿ ಬರೆಸಿದಳು. ನಾನು 'ಬಹಿರ್ದೆಸೆಗೆ' ಎಂದು ಬರೆದು ಓದಿದಾಗ, ಅದು ಯಾರಿಗೆ ತಿಳಿಯುತ್ತೆ, ಪಾಯಿಖಾನೆಗೆ ಹೋಗೋಕೆ ಜಾಗ ಇಲ್ಲ ಅಂತ ಬರೀರಿ ಎಂದಳು. ಕೇರಿಯ ಐವತ್ತಮೂರು ಮನೆಗೆ ನೀರಿಲ್ಲದ್ದು, ಗುಂಡಿ ಮೂರಡಿ ಇರುವುದು, ಹಳ್ಳದಲ್ಲಿ ಕರಡಿ ಇನ್ನೂ ಇರುವುದು. ಬೇರೆ ಹೆಂಗಸರ ಸಹಿಗಾಗಿ ಅವ್ವನನ್ನು ಕಳಿಸಿದೆವು. ಅವ್ವ ಏಳು ಮನೆಗೆ ಹೋಗಿ ಬಂದಳು. ಯಾರೂ ಹಾಕಲಿಲ್ಲ. ತಾನೂ ಹಾಕಲಿಲ್ಲ. ರೇಖಾಳ ಬೆರಳನ್ನು ಹಾಳೆಯ ಕೆಳಗಿನ ಅಂಚಿಗೆ ಮುಟ್ಟಿಸಿದೆ. ಅವಳು ತನ್ನ ಹೆಸರನ್ನು ದೊಡ್ಡದಾಗಿ, ಓರೆಯಾಗಿ ಬರೆದಳು.

ಸೋಮವಾರ ರಜೆ ಹಾಕಿ ಪಂಚಾಯಿತಿಗೆ ಒಯ್ದೆ. ಚೌಡಣ್ಣ ಒಬ್ಬರೇ ಇದ್ದರು. ನಿಂತುಕೊಂಡೇ ಪೂರ್ತಿ ಓದಿದರು. ಈ ಸಲ ನಗಲಿಲ್ಲ.

"ಕುಂತ್ಕ ಮೇಷ್ಟ್ರ. ಗಿಡಕ್ಕ ನೀರು ಹಾಕಾಕ ಹೋಗಿದ್ಲು ಅಂತ ಡಿಸೆಂಬರ್‌ನಾಗ ಬರದಾವ್ರು ಯಾರು?"

"ನಾನೇ."

"ಇದನ್ನ ಬರದಾವ್ರು?"

"ನಾನೇ. ಆಕಿ ಹೇಳಿದ್ದು."

"ಎರಡೂ ನಿನ್ನ ಕೈ ಅಕ್ಷರ. ಯಾವುದು ಸುಳ್ಳು?"

"ಮೊದಲಿಂದು."

"ಬಾಯಾಗ ಬ್ಯಾಡ." ಮೇಜಿನ ಮೇಲಿಂದ ಒಂದು ಬಿಳಿ ಹಾಳೆ ನನ್ನ ಕಡೆ ತಳ್ಳಿದರು. "ಸರ್ಕಾರಿ ನೌಕರ ನೀನು. ಅರಣ್ಯ ಇಲಾಖೆಗೆ ಸುಳ್ಳು ಬರ್ಕೊಟ್ಟೀನಿ ಅಂತ ಬರಿ. ಆಮ್ಯಾಲ ಇದನ್ನ ನೋಡಾಣ."

ನಾನು ಹೆದರಲಿಲ್ಲ ಎಂದು ಹೇಳಲಾರೆ. ದಿನಾಂಕ ಹಾಕಿದೆ. ಹೇಳಿಕೆ ಸುಳ್ಳೆಂದು, ಘಟನೆ ನಡೆದದ್ದು ಹೊಲದಿಂದ ಮುನ್ನೂರ ಹನ್ನೆರಡು ಹೆಜ್ಜೆ ದೂರದಲ್ಲೆಂದು, ಗಿಡಗಳಿಗೂ ಕರಡಿಗೂ ಸಂಬಂಧವಿಲ್ಲವೆಂದು, ಹೆಂಗಸರ ಮರೆ ತೆಗೆಸಿದವನು ನಾನೆಂದು ಬರೆದು ಸಹಿ ಮಾಡಿದೆ. ಚೌಡಣ್ಣ ಅದನ್ನು ಓದಿ, ನಾಲ್ಕು ಮಡಿಕೆ ಮಾಡಿ, ಕಡತಕ್ಕೆ ಸೇರಿಸದೆ ಅಂಗಿಯ ಜೇಬಿಗೆ ಇಟ್ಟುಕೊಂಡರು. ರೇಖಾಳ ಅರ್ಜಿಯನ್ನು ಬೀರುವಿನ ಮೇಲಿಟ್ಟರು.

"ಅರ್ಜಿಗೆ ಸೀಲು ಹಾಕಿ ಕೊಡ್ರಿ," ಎಂದೆ.

"ಅದು ಅಲ್ಲೇ ಇರ್ಲಿ, ಇದು ಇಲ್ಲಿರ್ಲಿ." ಜೇಬು ಮುಟ್ಟಿಕೊಂಡರು. "ಅದನ್ನ ನೀ ಎಬ್ಬಿಸಿದ್ರ ಇದನ್ನ ನಾ ಎಬ್ಬಿಸ್ತೀನಿ. ನೌಕ್ರಿ ನೋಡ್ಕೋ. ಆಕಿ ಕಣ್ಣಂತೂ ಬರಂಗಿಲ್ಲ."

ಮನೆಗೆ ಬಂದಾಗ ರೇಖಾ ಗೋಡೆಗೆ ಒರಗಿಯೇ ಇದ್ದಳು. "ಸೀಲು ಹಾಕಿದ್ರಾ?" ಎಂದಳು. ಹಾಕಿದರು ಎಂದು ಹೇಳಿದ್ದರೆ ಅವಳಿಗೆ ತಿಳಿಯುವ ದಾರಿಯೇ ಇರಲಿಲ್ಲ.

"ಇಲ್ಲ," ಎಂದೆ. ಜೇಬಿಗೆ ಹೋದ ಹಾಳೆಯ ವಿಷಯವನ್ನೂ ಹೇಳಿದೆ.

ಅವಳು ಕೇಳಿಸಿಕೊಂಡಳು. ಹಿತ್ತಲಲ್ಲಿ ಅವ್ವ ಪಾಯಿಖಾನೆಯ ಬಾಗಿಲು ತೆಗೆದು ಕಟ್ಟಿಗೆ ಎಳೆಯುವ ಸದ್ದು ಕೇಳುತ್ತಿತ್ತು. ಹಳ್ಳದವರೆಗೆ ನಡೆಯಲಾರದ ಸೊಸೆಗಾಗಿ ಈಗ ದಿನವೂ ಅವ್ವನೇ ನೀರು ಹೊರುತ್ತಿದ್ದಳು.

"ನಿಮ್ಮ ನೌಕ್ರಿಗೆ ತೊಂದ್ರೆ ಆಗುತ್ತಾ?"

"ಆಗಬಹುದು."

"ಈ ಸಲ ನಿಮ್ಮನ್ನ ಕೇಳೀನಿ, ನೋಡ್ರಿ," ಎಂದಳು. "ಬರೀತೀರೋ ಇಲ್ಲೋ? ತಹಸೀಲ್ದಾರ್ರಿಗೆ."

ನಾನು ಚೀಲದಿಂದ ಹಾಳೆ ತೆಗೆಯುವುದನ್ನು ಅವಳು ಕಾಣಲಾರಳು. ಆದ್ದರಿಂದ ಬರೆಯುತ್ತೇನೆ ಎಂದು ಬಾಯಿಬಿಟ್ಟು ಹೇಳಬೇಕಾಯಿತು. ಹೇಳಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಆ ಹೊತ್ತನ್ನು ಅವಳು ಅಲ್ಲಾಡದೆ ಕಾದಳು.